ಒಂದೇ ಹೆಸರಿಗೆ ಇಬ್ಬರು ಓಗೊಟ್ಟರೆ

ಬೆಳ್ತಂಗಡಿ ಪಕ್ಕದ ಲಾಯಿಲದ ಓದುಗರೊಬ್ಬರ ಪ್ರಶ್ನೆ: ‘ಸಹಕಾರ ಸಂಘದ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸಿದ್ದೇನೆ. ಒಬ್ಬರು ಬಳಸಿದರೆ ಸರಿ. ನಾಲ್ಕು ಜನ ಒಟ್ಟಿಗೆ ಬಳಸಿದರೆ ಸದ್ದಿಲ್ಲದೆ ಸಾಯುತ್ತದೆ. ವೈರಸ್ ಇರಬಹುದೇ?’

ವೈರಸ್ ಅಲ್ಲ ಮಾರಾಯ್ರೇ! ಕಂಪ್ಯೂಟರ್ ಸೀನಿದರೂ ವೈರಸ್ಸಿನ ಮೇಲೆ ಗೂಬೆ ಕೂರಿಸುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅವರು ಬಳಸುತ್ತಿರುವುದು ಸೈಕೋಪಿಜಿ2 ಎಂಬ ಸಂಪರ್ಕ ತಂತ್ರಾಂಶದ ಹಳೆಯ 2.7 ಆವೃತ್ತಿ. ನನ್ನ ಗುಮಾನಿ ಅದರ ಮೇಲೆಯೇ.

ಅದರ ಕಥೆ ಸೊಗಸಾಗಿದೆ. ಬಳಸುವವರಿಗೆ ತೊಂದರೆಯಾಗದಿರಲಿ ಎಂದು ಅದನ್ನು ಕಟ್ಟಿದವರು ಬೇಕಾದ ಲೈಬ್ರರಿಗಳನ್ನೆಲ್ಲ ಪೊಟ್ಟಣದೊಳಗೇ ತುಂಬಿ ಕೊಟ್ಟರು. ಗುಪ್ತಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಕೂಡ ಅದರಲ್ಲಿತ್ತು. ಆದರೆ ಪೈಥಾನ್ ತನ್ನ ಕೆಲಸಕ್ಕೆ ಬೇರೊಂದು ಓಪನ್‌ಎಸ್‌ಎಸ್‌ಎಲ್ ಪ್ರತಿಯನ್ನು ಆಗಲೇ ಕರೆಸಿಕೊಂಡಿರುತ್ತದೆ! ಒಂದೇ ಪ್ರೋಗ್ರಾಮಿನೊಳಗೆ ಎರಡು ಪ್ರತಿ. ಹಲವು ಕೆಲಸಗಳು ಏಕಕಾಲಕ್ಕೆ ನಡೆಯುವಾಗ ಅವು ಒಂದರ ಕಾಲನ್ನೊಂದು ತುಳಿದು, ಕೆಲವೊಮ್ಮೆ ಇಡೀ ಪ್ರೋಗ್ರಾಮೇ ಮಗುಚುತ್ತಿತ್ತು. ಹಾಗಾಗಿ ತುಂಬಿದ ಪೊಟ್ಟಣಕ್ಕೆ ‘ಸೈಕೋಪಿಜಿ2-ಬೈನರಿ’ ಎಂಬ ಬೇರೆ ಹೆಸರಿಟ್ಟು, 2019ರಲ್ಲಿ ಬಂದ 2.8 ಆವೃತ್ತಿಯಿಂದ ಪೂರ್ತಿ ಪ್ರತ್ಯೇಕಿಸಿದರು. ಕಲಿಯಲು, ಪರೀಕ್ಷಿಸಲು ಅದು ಸಾಕು. ನಿತ್ಯದ ವ್ಯವಹಾರಕ್ಕೆ ನಿಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳಿ ಎಂಬುದು ಅವರದೇ ಸಲಹೆ.

ಲೈಬ್ರರಿಗಳ ಜಗಳಕ್ಕೆ ಇನ್ನೊಂದು ಮುಖವೂ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿನ ಫಂಕ್ಷನ್ ಬೇಕೆಂದರೆ, ಹುಡುಕುವ ಸಾಲಿನಲ್ಲಿ ಮೊದಲು ಸಿಕ್ಕಿದ್ದೇ ಗತಿ. ನಮ್ಮೂರಿನ ಜಾತ್ರೆಯಲ್ಲಿ ಬರೀ ‘ಸುಂದರಣ್ಣಾ’ ಎಂದು ಕೂಗಿದ ಹಾಗೆ: ಹತ್ತಿರದಲ್ಲಿದ್ದ ಸುಂದರಣ್ಣ ತಿರುಗುತ್ತಾರೆ, ನಮಗೆ ಬೇಕಾದವರೇ ಆಗಬೇಕೆಂದಿಲ್ಲ. ಮನೆ ಹೆಸರು ಸೇರಿಸಿದರೆ ಗೊಂದಲವಿಲ್ಲ. ತಂತ್ರಾಂಶದಲ್ಲೂ ಫಂಕ್ಷನ್ನಿನ ಹೆಸರಿಗೆ ಆವೃತ್ತಿಯ ಗುರುತು ಅಂಟಿಸುವ ಉಪಾಯವಿದೆ. ಒಳಗಿನ ಹೆಸರುಗಳು ಹೊರಗೆ ಕಾಣದಂತೆ ಮುಚ್ಚಿಡಬಹುದು. ಜಾವಾದವರಂತೂ ತುಂಬಿಕೊಂಡ ಲೈಬ್ರರಿಯ ಹೆಸರನ್ನೇ ಬದಲಿಸಿಬಿಡುತ್ತಾರೆ.

ಹಾಗಂತ ಎಲ್ಲವನ್ನೂ ಪೊಟ್ಟಣದೊಳಗೆ ತುಂಬಿ ಮುಚ್ಚಿದರೆ ಕ್ಷೇಮ ಎಂದುಕೊಳ್ಳಬೇಡಿ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಯಂತ್ರದ ಸಾಮಾನ್ಯ ಪ್ರತಿಗೆ ಒಂದು ಅಪ್‌ಡೇಟ್ ಸಾಕಾಯಿತು. ಪೊಟ್ಟಣಗಳೊಳಗೆ ಅವಿತ ಪ್ರತಿಗಳನ್ನು ಮಾತ್ರ ಒಂದೊಂದಾಗಿ ಹುಡುಕಿ ಬದಲಿಸಬೇಕಾಯಿತು.

ಲಾಯಿಲದವರಿಗೆ ನನ್ನ ಸಲಹೆ: ಹೊಸ ಆವೃತ್ತಿ ತನ್ನಿ, ಯಂತ್ರದಲ್ಲಿರುವ ಓಪನ್‌ಎಸ್‌ಎಸ್‌ಎಲ್ ಪ್ರತಿಯನ್ನೇ ಬಳಸುವಂತೆ ಅಲ್ಲೇ ಕಟ್ಟಿ. ಯಾವುದೋ ವೆಬ್‌ಸೈಟಿನಿಂದ ಲೈಬ್ರರಿ ಫೈಲು ಇಳಿಸಿ ಸಿಸ್ಟಮ್ ಫೋಲ್ಡರಿಗೆ ತುರುಕುವ ಹಳ್ಳಿಮದ್ದು ಮಾತ್ರ ದಯವಿಟ್ಟು ಬೇಡ.