ಊದುವಾದ್ಯಗಳ ಉದ್ದ ಮತ್ತು ಶ್ರುತಿಯ ಆಯ್ಕೆ: ಉಚ್ಚಂಗಿದುರ್ಗದ ಪರಿಸರವನ್ನು ಅನುಲಕ್ಷಿಸಿ

ನೊಳಂಬವಾಡಿಯನ್ನಾಳಿದ ಉಚ್ಚಂಗಿ ಪಾಂಡ್ಯರ ಕಾರಣದಿಂದ ಇತಿಹಾಸದಲ್ಲಿ ಹೆಸರಾದ ಉಚ್ಚಂಗಿದುರ್ಗವು ಜನಪದರ ಪಾಲಿಗೆ ಮೊದಲು ಉಚ್ಚಂಗೆಮ್ಮನ ಗುಡ್ಡ. ಇದು ಸೇರಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಉಳಿಯಿತು. ಜಿಲ್ಲೆಗಳು ಬದಲಾದರೂ ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಜನ ಬದಲಾಗಿಲ್ಲ. ಕೊಟ್ಟೂರಿನ ರಥೋತ್ಸವ, ಉಜ್ಜಿನಿಯ ಮರುಳಸಿದ್ಧೇಶ್ವರನ ಉತ್ಸವ, ಹಡಗಲಿ ಸೀಮೆಯ ಮೈಲಾರದ ಕಾರಣಿಕ ಇವೆಲ್ಲವೂ ಒಂದೇ ವಾದ್ಯ ಪರಂಪರೆಯ ನೆರಳಿನಲ್ಲಿವೆ. ಈ ಪರಂಪರೆಯ ತಾಳವಾದ್ಯಗಳಿಗೆ ಸಂಶೋಧಕರ ಗಮನ ಸಾಕಷ್ಟು ದೊರೆತಿದೆ. ಊದುವಾದ್ಯಗಳ ವಿಷಯದಲ್ಲಿ ಒಂದು ಮೂಲಭೂತ ಪ್ರಶ್ನೆ ಹಿಂದೆ ಬಿದ್ದಿದೆ: ಒಬ್ಬನೇ ನಿಂತು ನುಡಿಸಬೇಕಾದಾಗ ವಾದಕನು ಯಾವ ಉದ್ದದ, ಅರ್ಥಾತ್ ಯಾವ ಶ್ರುತಿಯ ವಾದ್ಯವನ್ನು ಕೈಗೆತ್ತಿಕೊಳ್ಳುತ್ತಾನೆ, ಮತ್ತು ಏಕೆ?

ಈ ಪ್ರಶ್ನೆಯು ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದ ವಾದ್ಯಾಧ್ಯಾಯದಲ್ಲಿ ಕಹಳೆಯನ್ನು ಮೂರು ಹಸ್ತ ಉದ್ದದ, ದತ್ತೂರದ ಹೂವಿನಂತೆ ಬಾಯಿ ಅರಳಿದ ಲೋಹವಾದ್ಯವೆಂದು ವರ್ಣಿಸುತ್ತಾನೆ. ಅದೇ ಬಗೆಯ ಎರಡು ಹಸ್ತದ ವಾದ್ಯ ತುಂಡಕಿನಿ. ನಾಲ್ಕು ಹಸ್ತದ್ದು ಚುಕ್ಕಾ. ಇಲ್ಲಿ ವಾದ್ಯದ ಹೆಸರನ್ನು ನಿರ್ಧರಿಸುವುದು ಉದ್ದ ಎಂಬುದು ಗಮನಾರ್ಹ. ಆಕಾರ ಒಂದೇ ಆಗಿದ್ದರೆ ಕೊಳವೆ ಗಿಡ್ಡವಾದಷ್ಟೂ ನಾದವು ಅದೇ ಪ್ರಮಾಣದಲ್ಲಿ ಏರುತ್ತದೆ. ಆದುದರಿಂದ ಮೂರು ಹಸ್ತದ ಕಹಳೆಯ ನಾದವನ್ನು ಷಡ್ಜವೆಂದು ಹಿಡಿದರೆ ಎರಡು ಹಸ್ತದ್ದು ಅದರ ಪಂಚಮಕ್ಕೂ, ನಾಲ್ಕು ಹಸ್ತದ್ದು ಮಂದ್ರ ಪಂಚಮಕ್ಕೂ ಹತ್ತಿರ ಬರಬೇಕು. ಗ್ರಂಥದ ಅಳತೆಯ ಹಿಂದೆ ಇಂಥ ಲೆಕ್ಕವಿತ್ತೋ ಕೇವಲ ಕೈಯಳತೆಯ ಅನುಕೂಲವಿತ್ತೋ, ಫಲಿತ ಮಾತ್ರ ಒಂದೇ.

ಜಾತ್ರೆಯ ಕೊಂಬು ಕಹಳೆಗಳಿಗೆ ರಂಧ್ರಗಳಿಲ್ಲ. ತುಟಿಯ ಬಿಗಿತದಿಂದ ಹುಟ್ಟುವ ಕೆಲವೇ ಸ್ವರಗಳು ಅದರ ಸಂಪತ್ತು. ದೇವಿಯ ಆಗಮನವನ್ನು ಸಾರುವ ಈ ಕೂಗು ಯಾರ ಹಾಡಿಗೂ ಹೊಂದಬೇಕಾಗಿಲ್ಲವಾದ್ದರಿಂದ ಕೊಂಬಿನವನಿಗೆ ಶ್ರುತಿಯ ಆಯ್ಕೆಯ ಕಷ್ಟವಿಲ್ಲ. ಕಷ್ಟ ಆರಂಭವಾಗುವುದು ಸನಾದಿಯವನಿಗೆ. ಸನಾದಿಯ ಮರದ ಉದ್ದ ಮತ್ತು ರಂಧ್ರಗಳ ಅಂತರ ಒಮ್ಮೆ ಕೊರೆದ ಮೇಲೆ ತೀರಿತು. ನಾಲಿಗೆಯನ್ನು ಒಳಗೆ ಒತ್ತಿ ಅಥವಾ ಹೊರಗೆಳೆದು ಒಂದಿಷ್ಟು ಹೊಂದಿಸಬಹುದೇ ಹೊರತು ಷಡ್ಜವನ್ನೇ ಸ್ಥಳಾಂತರಿಸಲಾಗದು. ನಾಗಸ್ವರದಲ್ಲಿ ಗಿಡ್ಡದಾದ ತಿಮಿರಿ, ಉದ್ದನೆಯ ಬಾರಿ ಎಂಬ ಭೇದ ಹುಟ್ಟಿರುವುದೂ ಇದೇ ಕಾರಣಕ್ಕೆ. ತಿಮಿರಿಯ ನಾದವು ಬಯಲಿನಲ್ಲಿ ದೂರಕ್ಕೆ ಮುಟ್ಟುತ್ತದೆ. ಬಾರಿಯಲ್ಲಿ ರಾಗದ ಎಳೆತಕ್ಕೆ ಅವಕಾಶ ಹೆಚ್ಚು, ಆದರೆ ಉಸಿರೂ ಹೆಚ್ಚು ಬೇಕು. ಟಿ.ಎನ್. ರಾಜರತ್ನಂ ಪಿಳ್ಳೈ ಅವರು ಬಾರಿಯನ್ನು ಆರಿಸಿಕೊಂಡದ್ದು ಇಪ್ಪತ್ತನೆಯ ಶತಮಾನದ ನಾಗಸ್ವರ ವಾದನದ ದಿಕ್ಕನ್ನೇ ತಿರುಗಿಸಿತು.

ನಮ್ಮ ಭಾಗದಲ್ಲಿ ಮದುವೆಯ ದಿಬ್ಬಣಕ್ಕೂ ಜಾತ್ರೆಗೂ ಬ್ಯಾಂಡ್ ಸೆಟ್ಟುಗಳು ಬಂದ ಮೇಲೆ ಇದೇ ಪ್ರಶ್ನೆ ಟ್ರಂಪೆಟ್ಟಿನ ರೂಪದಲ್ಲಿ ಮರುಹುಟ್ಟು ಪಡೆಯಿತು. ಮೀರತ್ತಿನಂಥ ಕೇಂದ್ರಗಳಲ್ಲಿ ತಯಾರಾಗಿ ಬರುವ ಸಾಮಾನ್ಯ ಟ್ರಂಪೆಟ್ 'ಬಿ ಫ್ಲಾಟ್' ಶ್ರುತಿಯದು. ಅದರ ಕೊಳವೆ ಸುಮಾರು 148 ಸೆಂ.ಮೀ. ನಾಟಕ ಕಂಪನಿಗಳ ಪೆಟ್ಟಿಗೆ ಮಾಸ್ತರರ ಪರಿಭಾಷೆಯಲ್ಲಿ ಹೇಳುವುದಾದರೆ ಇದು 'ಕರಿ ಐದು'. ಗುಂಡಿಗಳನ್ನು ಒತ್ತದೆ ಊದಿದಾಗ ಕರಿ ಐದರ ಷಡ್ಜ, ಪಂಚಮ, ಶುದ್ಧ ಗಾಂಧಾರಗಳು ತಾವಾಗಿ ಒದಗುತ್ತವೆ. ಆದುದರಿಂದ ಭೂಪಾಲಿಯಂಥ ರಾಗದ ಧುನಿಯನ್ನು ಒಂಟಿಯಾಗಿ ನುಡಿಸಲು ಕರಿ ಐದನ್ನೇ ಆಧಾರವಾಗಿಟ್ಟುಕೊಳ್ಳುವುದು ಸುಲಭ. ಬಾಗೇಶ್ರೀಯಲ್ಲಾದರೆ ಪಂಚಮ ದುರ್ಬಲ, ಮಧ್ಯಮ ಪ್ರಧಾನ. ಆಗ 'ಬಿಳಿ ನಾಲ್ಕ'ನ್ನು ಷಡ್ಜವಾಗಿಸಿದರೆ ಅವೇ ತೆರೆದ ಸ್ವರಗಳು ಷಡ್ಜ, ಮಧ್ಯಮ, ಶುದ್ಧ ಧೈವತಗಳಾಗಿ ಮಾರ್ಪಡುತ್ತವೆ. ವಾದ್ಯ ಬದಲಾಗದೆ ರಾಗಕ್ಕೆ ತಕ್ಕ ನೆಲೆ ದೊರೆಯುತ್ತದೆ. ಗಂಡಸರು ಹಾಡುವ ಕರಿ ಒಂದರಲ್ಲಿಯೋ ಷಡ್ಜಕ್ಕೇ ಎರಡು ಗುಂಡಿ ಒತ್ತಬೇಕು. ಬೆರಳಿಗೂ ತುಟಿಗೂ ದುಡಿಮೆ. ಇನ್ನೊಂದು ಸೂಕ್ಷ್ಮವಿದೆ: ಕೊಳವೆಯ ಸಹಜ ಗಾಂಧಾರವು ಹಾರ್ಮೋನಿಯಂನ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದಂಶದಷ್ಟು ಕೆಳಗಿರುತ್ತದೆ. ಪೆಟ್ಟಿಗೆಯ ಜೊತೆ ನುಡಿಸುವಾಗ ಇದನ್ನು ಅಪಶ್ರುತಿಯೆಂದು ತಿದ್ದುವ ವಾದಕನು, ಒಂಟಿ ವಾದನದಲ್ಲಿ ಅದನ್ನೇ ಇಂಪೆಂದು ಉಳಿಸಿಕೊಳ್ಳಬಹುದು.

ಯುರೋಪಿನಲ್ಲಿಯೂ ಈ ತೊಡಕು ಹೊರತಾಗಿಲ್ಲ. ಹೇಡನ್ನನು 1796ರಲ್ಲಿ ಆಂಟನ್ ವೈಡಿಂಗರನ ಕೀಲಿ ಟ್ರಂಪೆಟ್ಟಿಗಾಗಿ ರಚಿಸಿದ ಕಾನ್ಸರ್ಟೊ 'ಇ ಫ್ಲಾಟ್' ಶ್ರುತಿಯದು. ಹಮ್ಮೆಲ್ಲನು 1803ರಲ್ಲಿ ಅದೇ ವಾದಕನಿಗೆ 'ಇ' ಶ್ರುತಿಯಲ್ಲಿ ಬರೆದುದನ್ನು ಅನಂತರದವರು ಬೆರಳಿನ ಅನುಕೂಲಕ್ಕಾಗಿ ಅರ್ಧಸ್ವರ ಇಳಿಸಿ ನುಡಿಸುತ್ತ ಬಂದರು. ಇಂದು ಇವೆರಡಕ್ಕೂ ಹಲವರು ಸುಮಾರು 111 ಸೆಂ.ಮೀ. ಕೊಳವೆಯ 'ಇ ಫ್ಲಾಟ್' ಟ್ರಂಪೆಟ್ಟನ್ನು ಹಿಡಿಯುತ್ತಾರೆ. ಗಿಡ್ಡ ಕೊಳವೆಯಲ್ಲಿ ಮೇಲಿನ ಸ್ವರಗಳು ನಿಶ್ಚಿತವಾಗಿ ಬೀಳುತ್ತವೆ, ನಾದ ಮಾತ್ರ ತೆಳುವಾಗುತ್ತದೆ. ನಾಲ್ಕಾರು ವಾದ್ಯಗಳನ್ನು ಕೊಳ್ಳಬಲ್ಲವರ ಪರಿಹಾರವಿದು. ಒಂದೇ ವಾದ್ಯದಿಂದ ಸುಗ್ಗಿಯೆಲ್ಲ ಸಾಗಿಸುವ ನಮ್ಮ ಬ್ಯಾಂಡಿನವನು ವಾದ್ಯವನ್ನು ಬದಲಿಸುವುದಿಲ್ಲ, ಷಡ್ಜವನ್ನು ಬದಲಿಸುತ್ತಾನೆ. ಇದನ್ನು ಬಡತನದ ಉಪಾಯವೆಂದು ತಳ್ಳಿಹಾಕುವುದು ತಪ್ಪು. ಇದೂ ಒಂದು ವಿದ್ಯೆ.

ಈ ವಿದ್ಯೆಗೆ ಈಗ ಎದುರಾಗಿರುವುದು ಕೀಬೋರ್ಡು. ಒಂದು ಗುಂಡಿ ಒತ್ತಿದರೆ ಶ್ರುತಿಯೇ ಸರಿಯುವ ಈ ಯಂತ್ರದ ಜೊತೆ ಟ್ರಂಪೆಟ್ಟಿನವನು ತನಗೆ ಸುಲಭವಾದ ಕರಿ ಐದರಲ್ಲಿಯೇ ನಿಂತುಬಿಡಬಹುದು. ಮುಖವೀಣೆಯ ಜಾಗಕ್ಕೆ ಹಾರ್ಮೋನಿಯಂ ಬಂದ ಬಯಲಾಟದ ಮೇಳಗಳಲ್ಲಿ ಈ ಬಗೆಯ ನಷ್ಟ ಮೊದಲೇ ಸಂಭವಿಸಿದೆ.

ದಾಖಲಾತಿಯ ದೋಷ ಇದಕ್ಕಿಂತ ದೊಡ್ಡದು. ಕ್ಯಾಸೆಟ್ಟಿನ ವೇಗ ತುಸು ಹೆಚ್ಚು ಕಡಿಮೆಯಾದರೂ ಶ್ರುತಿ ಏರುಪೇರಾಗುತ್ತದೆ. ಮುದ್ರಣದ ಹೊತ್ತಿನಲ್ಲಿ ವಾದ್ಯದ ಉದ್ದವನ್ನೋ ಷಡ್ಜದ ನೆಲೆಯನ್ನೋ ಬರೆದಿಡದಿದ್ದರೆ ವಾದಕನು ಆರಿಸಿದ್ದು ಏನೆಂಬುದನ್ನು ಮರಳಿ ಪಡೆಯುವ ದಾರಿಯಿಲ್ಲ. ವಸ್ತುಸಂಗ್ರಹಾಲಯದಲ್ಲಿ 'ಸನಾದಿ' ಎಂಬ ಚೀಟಿಯೊಂದನ್ನೇ ಅಂಟಿಸಿದ ವಾದ್ಯವು ಈ ದೃಷ್ಟಿಯಿಂದ ಮೂಕ. ಮರದ ಉದ್ದ, ರಂಧ್ರಗಳ ಅಂತರ, ನಾಲಿಗೆ ಒಳಸೇರಿದ ಪ್ರಮಾಣ ಇಷ್ಟನ್ನು ಕಾರ್ಡಿನ ಮೇಲೆ ಬರೆಯಲು ಹೆಚ್ಚು ಹೊತ್ತು ಬೇಡ. ಬಾಗಿದ ಕೊಂಬಿಗಾದರೆ ಅದರ ಮೈಗುಂಟ ಒಂದು ದಾರವನ್ನು ಹಾಯಿಸಿ ಅಳೆದರಾಯಿತು.