ಟ್ರಯಥ್ಲಾನ್: ಹೊಸಬರಿಗೊಂದು ಪ್ರವೇಶಿಕೆ

ಬೇಲೂರಿನಿಂದ ಹಳೇಬೀಡಿನವರೆಗಿನ ಹದಿನಾರು ಕಿಲೋಮೀಟರು ಹಾದಿಯನ್ನು ಸೈಕಲ್ಲಿನ ಮೇಲೆ ಕ್ರಮಿಸಿ, ಆ ಮೇಲೂ ನಾಲ್ಕು ಕಿಲೋಮೀಟರು ತುಳಿಯುವಷ್ಟು ಕಸುವನ್ನು ಕಾಲಿನಲ್ಲಿ ಉಳಿಸಿಕೊಂಡು, ಸೈಕಲ್ಲಿಳಿದ ಬಳಿಕ ತೋಟದ ದಾರಿಯಲ್ಲಿ ಐದು ಕಿಲೋಮೀಟರು ನಿಧಾನವಾಗಿಯಾದರೂ ಓಡಬಲ್ಲ ತರುಣ ತರುಣಿಯರು ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ಹುಡುಕಿದರೆ ಊರಿಗೆ ಒಬ್ಬಿಬ್ಬರಾದರೂ ಸಿಕ್ಕಾರು. ಒಲಿಂಪಿಕ್ ಕೂಟದಲ್ಲಿ ಸ್ಥಾನ ಪಡೆದಿರುವ ಟ್ರಯಥ್ಲಾನ್ ಎಂಬ ಕ್ರೀಡೆಯ ಆರಂಭದ ಮೆಟ್ಟಿಲಿನಲ್ಲಿ ಮೂರರಲ್ಲಿ ಎರಡು ಪಾಲು ತಮಗೆ ಆಗಲೇ ವಶವಾಗಿದೆಯೆಂಬ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಾರರು. ಉಳಿದ ಒಂದು ಪಾಲು ನೀರು. ಹೊಸಬರ ಸಿದ್ಧತೆ ತೊಡಗಬೇಕಾದದ್ದೂ ಅಲ್ಲಿಂದಲೇ.

ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಇದೇ ಅನುಕ್ರಮದಲ್ಲಿ, ನಡುವೆ ವಿಶ್ರಾಂತಿಯಿಲ್ಲದೆ, ಒಂದೇ ಗಡಿಯಾರದ ಲೆಕ್ಕದಲ್ಲಿ ಮುಗಿಸುವುದೇ ಈ ಸ್ಪರ್ಧೆಯ ಸ್ವರೂಪ. ಇದರಲ್ಲಿ ಹಲವು ಅಂತಸ್ತುಗಳುಂಟು. ‘ಸ್ಪ್ರಿಂಟ್’ ಎನ್ನಿಸಿಕೊಳ್ಳುವ ಕಿರಿಯ ಸ್ಪರ್ಧೆಯಲ್ಲಿ 750 ಮೀಟರು ಈಜು, 20 ಕಿಲೋಮೀಟರು ಸವಾರಿ, 5 ಕಿಲೋಮೀಟರು ಓಟ. ಒಲಿಂಪಿಕ್ ಪ್ರಮಾಣದಲ್ಲಿ ಇವೇ ಇಮ್ಮಡಿಯಾಗಿ 1.5, 40 ಮತ್ತು 10 ಕಿಲೋಮೀಟರು. ಅದಕ್ಕೂ ಮೇಲೆ 1.9, 90 ಮತ್ತು 21.1 ಕಿಲೋಮೀಟರಿನ ಅರ್ಧ ಐರನ್‌ಮ್ಯಾನ್, ತುತ್ತತುದಿಯಲ್ಲಿ 3.86 ಕಿಲೋಮೀಟರು ಈಜಿ, 180 ಕಿಲೋಮೀಟರು ಸೈಕಲ್ ತುಳಿದು, ಕೊನೆಗೆ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನ್ ಓಡತಕ್ಕ ಐರನ್‌ಮ್ಯಾನ್. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಈ ಕೊನೆಯದೇ ಆದಕಾರಣ, ಟ್ರಯಥ್ಲಾನ್ ಎಂದರೆ ಅತಿಮಾನುಷರ ಕೆಲಸವೆಂಬ ಭ್ರಾಂತಿ ಜನಸಾಮಾನ್ಯರಲ್ಲಿ ಬೇರೂರಿದೆ. ಹೊಸಬರು ನೋಡಬೇಕಾದದ್ದು ಸ್ಪ್ರಿಂಟ್ ಒಂದನ್ನೇ. ಒಂದೂವರೆಯಿಂದ ಎರಡು ಗಂಟೆಯೊಳಗೆ ಅದನ್ನು ಮುಗಿಸುವುದು ಸಾಧಾರಣ ದೇಹಶಕ್ತಿಯವರಿಗೂ ಅಸಾಧ್ಯವಲ್ಲ.

ಕ್ರೀಡೆಯ ಇತಿಹಾಸವೂ ದೊಡ್ಡದಲ್ಲ. ಮೂರು ಕ್ರೀಡೆಗಳನ್ನು ಜೋಡಿಸಿದ ಸ್ಪರ್ಧೆಗಳು ಫ್ರಾನ್ಸಿನಲ್ಲಿ 1920ರ ದಶಕದಲ್ಲಿಯೇ ನಡೆದಿದ್ದವಾದರೂ, ಇಂದಿನ ಟ್ರಯಥ್ಲಾನಿನ ಜನನವನ್ನು 1974ರ ಸೆಪ್ಟೆಂಬರ್ 25ಕ್ಕೆ ಹೇಳುವುದು ವಾಡಿಕೆ. ಅಂದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ತೀರದಲ್ಲಿ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹಾನ್ ಎಂಬಿಬ್ಬರು ಏರ್ಪಡಿಸಿದ ಸ್ಪರ್ಧೆಯಲ್ಲಿ 46 ಮಂದಿ ಭಾಗವಹಿಸಿದರು. ಅವರಲ್ಲೊಬ್ಬನಾದ ಜಾನ್ ಕಾಲಿನ್ಸ್ ಎಂಬ ನೌಕಾದಳದ ಅಧಿಕಾರಿ ಮುಂದೆ ಹವಾಯಿ ದ್ವೀಪಸಮೂಹದಲ್ಲಿ 1978ರಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆಯನ್ನು ನಡೆಸಿದನು. ಹೊರಟವರು ಹದಿನೈದು ಮಂದಿ, ಮುಗಿಸಿದವರು ಹನ್ನೆರಡು. 1989ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಸ್ಥಾಪಿತವಾಗಿ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಪ್ರವೇಶ ದೊರೆಯಿತು.

ನಮ್ಮ ದೇಶದಲ್ಲಿ ಇದರ ಪ್ರಚಾರಕ್ಕೆ ಬೆಂಗಳೂರು ಮುಖ್ಯ ನೆಲೆಗಳಲ್ಲೊಂದಾಯಿತು. ಅಲ್ಲಿ ನೆಲೆಸಿದ್ದ ಎಂಜಿನಿಯರ್ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನು, ಅಂದರೆ ಮೂರು ದಿನಗಳಲ್ಲಿ 10 ಕಿಲೋಮೀಟರು ಈಜು, 420 ಕಿಲೋಮೀಟರು ಸವಾರಿ, 84 ಕಿಲೋಮೀಟರು ಓಟವನ್ನು ಪೂರೈಸಿದಾಗ, ಇಂಥದೊಂದು ಕ್ರೀಡೆಯುಂಟೆಂಬುದೇ ನಮ್ಮವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಗೋವೆಯ ಮಿರಾಮಾರ್ ಕಡಲತೀರದಲ್ಲಿ 2019ರಿಂದ ಅರ್ಧ ಐರನ್‌ಮ್ಯಾನ್ ಆರಂಭವಾದ ಮೇಲೆ ಕರ್ನಾಟಕದ ಸ್ಪರ್ಧಿಗಳಿಗೆ ದಾರಿ ಹತ್ತಿರವಾಯಿತು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಎಂಟೂವರೆ ಗಂಟೆಗೆ ತುಸು ಕಡಿಮೆ ಅವಧಿಯಲ್ಲಿ ಮುಗಿಸಿದ ವಾರ್ತೆಯಂತೂ ಮನೆಮನೆಗೆ ಮುಟ್ಟಿತು. ಬೇಲೂರಿನ ದೇಗುಲವನ್ನು ಕಟ್ಟಿಸಿದ ವಿಷ್ಣುವರ್ಧನನ ಹೆಸರಿನೊಡನೆ ಹೆಣೆದುಕೊಂಡಿರುವ, ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಲ್ಲಿಯೂ ಟ್ರಯಥ್ಲಾನ್ ನಡೆದಿದೆಯೆಂಬುದನ್ನು ಹೊಯ್ಸಳ ಸೀಮೆಯ ಓದುಗರು ಕುತೂಹಲದಿಂದ ಗಮನಿಸಬಹುದು.

ಇನ್ನು ನೀರಿನ ಮಾತು. ಹಳೇಬೀಡು, ಮಾದಿಹಳ್ಳಿ ಹೋಬಳಿಗಳು ಮಳೆ ಸುರಿಯುವ ಮಲೆನಾಡಿಗೆ ಕೂಗಳತೆಯಲ್ಲಿದ್ದೂ ಬಯಲುಸೀಮೆಯ ಬಾಯಾರಿಕೆಯನ್ನು ಅನುಭವಿಸಿದ ಪ್ರದೇಶಗಳು. ಯಗಚಿ ನದಿಯ ನೀರನ್ನು ಇಲ್ಲಿಯ ಕೆರೆಗಳಿಗೆ ಹರಿಸುವ ರಣಘಟ್ಟ ಯೋಜನೆಗಾಗಿ ರೈತರು ವರ್ಷಗಟ್ಟಲೆ ಹೋರಾಡಬೇಕಾಯಿತು. ಹಿಂದಿನ ತಲೆಮಾರಿನ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು, ದಡದಲ್ಲಿ ಹಗ್ಗ ಹಿಡಿದು ನಿಂತ ಅಣ್ಣನನ್ನೋ ಚಿಕ್ಕಪ್ಪನನ್ನೋ ನಂಬಿ ತೋಟದ ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದರು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದ ಮೇಲೆ ನೀರಿನ ಜತೆಗೆ ಆ ಪಾಠಶಾಲೆಯೂ ಮುಚ್ಚಿಹೋಯಿತು. ಹೀಗಾಗಿ, ಕಾಲಿನಲ್ಲಿ ಬಲವಿದ್ದೂ ನೀರಿಗೆ ಅಂಜುವ ಒಂದು ಪೀಳಿಗೆ ಈ ಭಾಗದಲ್ಲಿ ಬೆಳೆದು ನಿಂತಿದೆ.

ಇಂಥವರು ಉತ್ಸಾಹಾತಿಶಯದಿಂದ ಊರ ಕೆರೆಗೆ ಇಳಿದುಬಿಡುವುದು ಸರ್ವಥಾ ಸಲ್ಲದು. ಮೇಲೆ ಶಾಂತವಾಗಿ ತೋರುವ ಕೆರೆಯ ತಳದಲ್ಲಿ ಮಣ್ಣು ತೆಗೆದ ಗುಂಡಿಗಳೂ ಕಾಲು ಹೂತುಕೊಳ್ಳುವ ಹೂಳೂ ಇರುತ್ತವೆ. ಅಂಚಿನಲ್ಲಿ ಜೊಂಡು, ನಡುವೆ ಕೈಕಾಲಿಗೆ ತೊಡರುವ ಬಳ್ಳಿ, ತೂಬಿನ ಬಳಿ ಒಳಕ್ಕೆ ಸೆಳೆಯುವ ಪ್ರವಾಹ. ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ಸಂಭವಿಸಿದ ಸಾವುಗಳಲ್ಲಿಯೂ ಬಹುಪಾಲು ಈಜಿನ ಹಂತದಲ್ಲಿಯೇ ಆದುವೆಂಬುದನ್ನು ಮರೆಯಲಾಗದು. ಆದಕಾರಣ ಜಿಲ್ಲಾಕೇಂದ್ರದಲ್ಲಿಯೋ ದೊಡ್ಡ ಪಟ್ಟಣದಲ್ಲಿಯೋ ಇರುವ ಈಜುಕೊಳದಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ ಮೊದಲ ಪಾಠವಾಗಬೇಕು. ಅಲ್ಲಿ ಕಲಿಯಬೇಕಾದದ್ದು ವೇಗವನ್ನಲ್ಲ, ಉಸಿರಾಟವನ್ನು. ಹೊಸಬರು ಮುಖವನ್ನು ನೀರಿಗಿಟ್ಟೊಡನೆ ಉಸಿರು ಬಿಗಿಹಿಡಿಯುತ್ತಾರೆ. ಹತ್ತು ಕೈ ಬೀಸುವುದರೊಳಗೆ ಎದೆ ಬಿಗಿದು ತಲೆಯೆತ್ತುತ್ತಾರೆ. ತಲೆಯೆತ್ತಿದೊಡನೆ ಸೊಂಟ ಮುಳುಗುತ್ತದೆ. ನೀರಿನೊಳಗೆ ಮೂಗು ಬಾಯಿಗಳಿಂದ ಗುಳುಗುಳು ಉಸಿರು ಬಿಡುತ್ತ, ಮುಖವನ್ನು ಮಗ್ಗುಲಿಗೆ ಹೊರಳಿಸಿ ಒಳಕ್ಕೆಳೆದುಕೊಳ್ಳುವ ಲಯವೊಂದು ಸಿದ್ಧಿಸಿದರೆ ಉಳಿದದ್ದು ಅಭ್ಯಾಸದಿಂದ ಬಂದೀತು. 25 ಮೀಟರಿನ ಕೊಳವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಮೂವತ್ತು ಸಲ ದಾಟಿದರೆ 750 ಮೀಟರು. ಅಷ್ಟನ್ನು ನಿಲ್ಲದೆ ಈಜಿದಂದು ಅರ್ಧ ಭಯ ಕಳೆಯಿತೆಂದು ತಿಳಿಯಬಹುದು.

ಮಿಕ್ಕರ್ಧ ಭಯ ಕಳೆಯುವುದು ತೆರೆದ ನೀರಿನಲ್ಲಿ. ಅಲ್ಲಿ ತಳ ಕಾಣದು, ಗೋಡೆಯಿರದು, ದಾರಿ ತೋರುವ ಗೆರೆಯಿರದು. ಆರೆಂಟು ಕೈ ಬೀಸಿಗೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲಕ್ಕೆ ತಂದು ಗುರುತಿನ ಬುರುಡೆಯನ್ನು ನೋಡಿಕೊಳ್ಳಬೇಕು. ಈ ಅಭ್ಯಾಸವನ್ನು ಅನುಮತಿಯಿರುವ ಜಲಾಶಯದಲ್ಲಿ, ತೇಲುಬುರುಡೆ ಕಟ್ಟಿಕೊಂಡು, ದೋಣಿಯಲ್ಲೋ ದಡದಲ್ಲೋ ಈಜು ಬಲ್ಲವರು ಕಾವಲಿರುವಾಗ ಮಾತ್ರ ಮಾಡತಕ್ಕದ್ದು. ಬೇಲೂರಿನ ಬಳಿಯ ಯಗಚಿ ಜಲಾಶಯದಲ್ಲಿ ಜಲಸಾಹಸ ಕ್ರೀಡೆಯ ಕೇಂದ್ರವೊಂದಿದೆ. ಆದರೆ ಜೀವರಕ್ಷಕ ಕವಚ ತೊಟ್ಟು ದೋಣಿಯಲ್ಲಿ ವಿಹರಿಸುವುದು ಬೇರೆ, ಈಜಿಗಿಳಿಯುವುದು ಬೇರೆಯಾದ್ದರಿಂದ ಅಲ್ಲಿಯವರನ್ನು ಕೇಳದೆ ನೀರಿಗಿಳಿಯಕೂಡದು. ಸ್ಪರ್ಧೆಯ ದಿನ ದಣಿವಾದರೆ ರಕ್ಷಣಾ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು, ಅಷ್ಟೇ.

ಸೈಕಲ್ಲಿನ ವಿಷಯದಲ್ಲಿ ಹೊಸಬರು ಲಕ್ಷಗಟ್ಟಲೆಯ ಬೆಲೆಗಳನ್ನು ಕೇಳಿ ಎದೆಗುಂದಬೇಕಾಗಿಲ್ಲ. ಬ್ರೇಕು ಸರಿಯಾಗಿ ಹಿಡಿಯುವ, ಚೈನು ಸಡಿಲವಾಗದ, ಗೇರುಳ್ಳ ಯಾವ ಸೈಕಲ್ಲಾದರೂ ಮೊದಲ ಸ್ಪರ್ಧೆಗೆ ಸಾಕು. ಸೀಟಿನ ಎತ್ತರವನ್ನು ಮಾತ್ರ ಅಲಕ್ಷಿಸಬಾರದು: ಪೆಡಲು ಕೆಳತುದಿಗೆ ಬಂದಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಮೊಣಕಾಲು ನೆಟ್ಟಗಾಗಬೇಕು, ಹಾಗಾದರೆ ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಕಾಲು ತುಸುವೇ ಬಾಗಿರುತ್ತದೆ. ಊರಿನ ಸೈಕಲ್ ಸವಾರರು ಸೀಟನ್ನು ತಗ್ಗಿಸಿಟ್ಟು, ಗಡುಸು ಗೇರಿನಲ್ಲಿ ಬಲವಾಗಿ ತುಳಿಯುವುದು ರೂಢಿ. ಅದರಿಂದ ಮೊಣಕಾಲು ನೋಯುವುದಲ್ಲದೆ ಓಟಕ್ಕೆ ಬೇಕಾದ ಶಕ್ತಿ ಅಲ್ಲಿಯೇ ವ್ಯಯವಾಗುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತರಿಂದ ತೊಂಬತ್ತು ಸುತ್ತು ತುಳಿಯುವುದು ಲೇಸು. ಚಳಿಗಾಲದ ಬೆಳಗು ಈ ಸೀಮೆಯಲ್ಲಿ ಸವಾರಿಗೆ ಹಿತಕರವಾದರೂ, ಅದೇ ಸುಗ್ಗಿಯ ಕಾಲ. ಒಕ್ಕಣೆಗೆಂದು ರಸ್ತೆಗೆ ಹರಡಿದ ರಾಗಿ, ಹುರುಳಿಯ ಮೇಲೆ ಚಕ್ರ ಹಾಯಿಸಿದರೆ ಜಾರುವುದು ನಿಶ್ಚಯ. ಮಂಜಿನಲ್ಲಿ ಹಿಂಬದಿಯ ಕೆಂಪು ದೀಪ, ಎಂದೆಂದಿಗೂ ಹೆಲ್ಮೆಟ್, ಸೀಟಿನಡಿ ಒಂದು ಟ್ಯೂಬು ಮತ್ತು ಪಂಪು, ಪಂಕ್ಚರನ್ನು ತಾನೇ ಸರಿಪಡಿಸಿಕೊಳ್ಳುವ ಅಭ್ಯಾಸ, ಇವು ಅನಿವಾರ್ಯ. ಸ್ಪರ್ಧೆಯಲ್ಲಿ ಹೊರಗಿನವರ ನೆರವು ಪಡೆಯುವಂತಿಲ್ಲ.

ಸೈಕಲ್ಲಿಳಿದು ಓಡತೊಡಗಿದಾಗ ಕಾಲುಗಳು ಬೇರೆಯವರವೋ ಎಂಬಂತೆ ಮರಗಟ್ಟಿರುತ್ತವೆ. ಮೊದಲ ಬಾರಿಗೆ ಇದನ್ನು ಅನುಭವಿಸಿದವರು ತಮಗೇನೋ ಆಯಿತೆಂದು ಗಾಬರಿಗೊಳ್ಳುವುದುಂಟು. ವಾರಕ್ಕೊಮ್ಮೆ, ಸವಾರಿ ಮುಗಿಸಿದೊಡನೆ ಹದಿನೈದು ನಿಮಿಷ ಓಡುವ ಅಭ್ಯಾಸವೇ ಇದಕ್ಕೆ ಮದ್ದು. ಕ್ರೀಡಾಪಟುಗಳು ಇದನ್ನು ‘ಬ್ರಿಕ್’ ಎನ್ನುತ್ತಾರೆ. ಹೆಜ್ಜೆಗಳನ್ನು ಗಿಡ್ಡವಾಗಿಟ್ಟು ಮೊದಲ ಕಿಲೋಮೀಟರನ್ನು ದಾಟಿದರೆ ಕಾಲುಗಳು ತಾವಾಗಿ ಹದಕ್ಕೆ ಬರುತ್ತವೆ. ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವ ವೇಗವೇ ಅಭ್ಯಾಸದ ಬಹುಪಾಲಿಗೆ ಉಚಿತವಾದ ವೇಗ.

ಒಂದು ಹಂತದಿಂದ ಇನ್ನೊಂದಕ್ಕೆ ಬದಲಾಗುವ ‘ಟ್ರಾನ್ಸಿಷನ್’ ಎಂಬ ಜಾಗದಲ್ಲಿ ಅವಸರಕ್ಕಿಂತ ಕ್ರಮ ಹೆಚ್ಚು ಸಮಯ ಉಳಿಸುತ್ತದೆ. ಸೈಕಲ್ಲಿನ ಮಗ್ಗುಲಲ್ಲಿ ಟವೆಲು ಹಾಸಿ, ಅದರ ಮೇಲೆ ದಾರ ಸಡಿಲಿಸಿದ ಬೂಟು, ಬೂಟಿನೊಳಗೆ ಕಾಲುಚೀಲ. ಹ್ಯಾಂಡಲಿನ ಮೇಲೆ ಹೆಲ್ಮೆಟನ್ನು ಅಂಗಾತವಾಗಿಟ್ಟು, ಪಟ್ಟಿಗಳನ್ನು ಎರಡು ಕಡೆಗೂ ಬಿಡಿಸಿ, ಒಳಗೆ ಕನ್ನಡಕ. ಹೆಲ್ಮೆಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ಲನ್ನು ಮುಟ್ಟತಕ್ಕದ್ದು, ಹತ್ತಲು ಗುರುತಿಸಿದ ಗೆರೆ ದಾಟುವ ಮುನ್ನ ಹತ್ತಕೂಡದು, ಹಿಂತಿರುಗುವಾಗ ಇಳಿಯಲು ಗುರುತಿಸಿದ ಗೆರೆಗೆ ಮೊದಲೇ ಇಳಿಯಬೇಕು. ಹೊಸಬರಿಗೆ ದಂಡ ಬೀಳುವುದು ಹೆಚ್ಚಾಗಿ ಈ ಮೂರು ನಿಯಮಗಳಲ್ಲಿಯೇ.

ಆಹಾರದ ಬಗ್ಗೆ ಒಂದೇ ಸೂತ್ರ: ಅಭ್ಯಾಸದಲ್ಲಿ ತಿನ್ನದ್ದನ್ನು ಸ್ಪರ್ಧೆಯ ದಿನ ತಿನ್ನಬಾರದು. ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿಯೋ ಬಾಳೆಹಣ್ಣೋ ಸಾಕು; ಸವಾರಿಯ ನಡುವೆ ಇನ್ನೊಂದು ಬಾಳೆಹಣ್ಣು, ಉಪ್ಪು ಬೆಲ್ಲ ಬೆರೆಸಿದ ನಿಂಬೆ ಪಾನಕ. ಅರಸೀಕೆರೆ ಕಡೆಯ ಎಳನೀರು ಉತ್ತಮ ಪಾನೀಯವೇ ಹೌದು. ಬೆವರಿನಲ್ಲಿ ಕಳೆದ ಉಪ್ಪನ್ನು ಅದೊಂದೇ ತುಂಬಿಕೊಡಲಾರದಾದ್ದರಿಂದ ಚಿಟಿಕೆ ಉಪ್ಪು ಸೇರಿಸಿದರೆ ಒಳ್ಳೆಯದು. ಬರಿಯ ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯಕರ. ಹಾಗೆಂದು ನೀರು ಸಾಲದಂತೆಯೂ ಆಗಬಾರದು: ಮೊದಲ ಐರನ್‌ಮ್ಯಾನಿನಲ್ಲಿ ಮುಂಚೂಣಿಯಲ್ಲಿದ್ದ ಜಾನ್ ಡನ್‌ಬಾರ್ ಎಂಬಾತನಿಗೆ ಓಟದ ಮಧ್ಯೆ ನೀರು ಮುಗಿದು, ಸಂಗಡಿಗರು ಬಿಯರನ್ನೇ ಕೊಟ್ಟರೆಂಬುದು ಪ್ರಸಿದ್ಧ ಕಥೆ. ಗೆದ್ದವನು 11 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ ಗಾರ್ಡನ್ ಹ್ಯಾಲರ್.

ಈಜು ಬಲ್ಲವರಿಗೆ ಹನ್ನೆರಡು ವಾರಗಳ ಸಿದ್ಧತೆ ಸಾಕು. ಅರಿಯದವರು ಅದಕ್ಕೂ ಮುಂಚೆ ಮೂರು ತಿಂಗಳನ್ನು ನೀರಿಗೇ ಮುಡಿಪಿಡಲಿ. ವಾರಕ್ಕೆ ಎರಡು ದಿನ ಈಜು, ಎರಡು ದಿನ ಸವಾರಿ, ಎರಡು ದಿನ ಓಟ, ಒಂದು ದಿನ ಪೂರ್ಣ ವಿಶ್ರಾಂತಿ. ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲಿಗೆ ಮೀರದಂತೆ ಶ್ರಮವನ್ನು ಏರಿಸುತ್ತ ಹೋಗಿ, ಕಡೆಯ ವಾರದಲ್ಲಿ ಅರ್ಧಕ್ಕಿಳಿಸುವುದು ಯೋಗ್ಯ. ನಲವತ್ತು ದಾಟಿದವರೂ, ಮನೆತನದಲ್ಲಿ ಹೃದ್ರೋಗವಿರುವವರೂ ವೈದ್ಯರ ತಪಾಸಣೆಯಿಲ್ಲದೆ ತೊಡಗಲಾಗದು. ವಯಸ್ಸೇ ಅಡ್ಡಿಯೆಂದುಕೊಳ್ಳುವವರು ಅಮೆರಿಕದ ಕ್ರೈಸ್ತ ಸಂನ್ಯಾಸಿನಿ ಮಡೋನಾ ಬ್ಯೂಡರ್ ತಮ್ಮ 82ನೆಯ ವಯಸ್ಸಿನಲ್ಲಿ, 2012ರಲ್ಲಿ, ಪೂರ್ಣ ಐರನ್‌ಮ್ಯಾನ್ ಮುಗಿಸಿದ್ದನ್ನು ನೆನೆಯಲಿ.

ಮೂರು ಕ್ರೀಡೆಗಳಿಗೆ ದೇಹವೊಂದೇ ಇರುವುದರಿಂದ, ನೀರಿನಲ್ಲಿದ್ದಾಗ ಸೈಕಲ್ಲಿಗೆ, ಸೈಕಲ್ಲಿನಲ್ಲಿದ್ದಾಗ ಓಟಕ್ಕೆ ಶಕ್ತಿಯನ್ನು ಉಳಿಸಿಕೊಳ್ಳಬಲ್ಲವನೇ ಕೊನೆಯವರೆಗೆ ಬರುತ್ತಾನೆ. ಬಲಿಷ್ಠನಿಗಿಂತ ಮಿತವನ್ನರಿತವನಿಗೆ ಒಲಿಯುವ ಕ್ರೀಡೆಯಿದು. ಆದಕಾರಣ ಮೊದಲ ಸ್ಪರ್ಧೆಯಲ್ಲಿ ಗೆಲುವಿನ ಲೆಕ್ಕ ಹಾಕದೆ, ಮುಗಿಸುವುದನ್ನಷ್ಟೇ ಸಂಕಲ್ಪಿಸಬೇಕು. ಹೋಬಳಿಯ ತರುಣರು ಹಾಗೆ ಸಂಕಲ್ಪಿಸಿದರೂ ಕಾವಲಿರುವ ಒಂದು ಈಜುಕೊಳಕ್ಕಾಗಿ ದೂರದ ಊರಿಗೆ ಬಸ್ಸು ಹತ್ತಬೇಕಾಗಿರುವುದು ನಿಜ. ತಾಲ್ಲೂಕಿಗೊಂದು ಕಲಿಕೆಯ ಕೊಳವನ್ನೂ ಅದಕ್ಕೊಬ್ಬ ಶಿಕ್ಷಕನನ್ನೂ ಒದಗಿಸಿಕೊಟ್ಟರೆ, ಕೆಲವರಾದರೂ ಟ್ರಯಥ್ಲಾನ್ ಮುಗಿಸಿಯಾರು. ಯಾರೂ ಮುಗಿಸದಿದ್ದರೂ ಕೆರೆಗಳಲ್ಲಿ ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಇಳಿಯುವುದು ಖಂಡಿತ. ಕ್ರೀಡಾ ಇಲಾಖೆಯೂ ಸ್ಥಳೀಯ ಸಂಸ್ಥೆಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.