ಎರಡನೆಯ ಮರಿಯ ಪಾಲಿನ ಮೇವು: ಅವಿಕಾನಗರದಲ್ಲಿ ಒಂದು ಸುತ್ತು

ಜೈಪುರದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್. ಡಿಗ್ಗಿಯ ಕಲ್ಯಾಣಜೀ ಗುಡಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹೂಬಿಟ್ಟ ಸಾಸಿವೆ ಹೊಲಗಳು. ಮಾಲ್ಪುರಾ ಹತ್ತಿರವಾದಂತೆ ನಡುನಡುವೆ ಬಯಲು ಕಾಣಿಸಿಕೊಳ್ಳುತ್ತದೆ, ಬಯಲಿನಲ್ಲಿ ಬನ್ನಿಮರಗಳು. ದಸರೆಯಲ್ಲಿ ನಾವು ಎಲೆ ಹಂಚಿಕೊಂಡು ಕೈಮುಗಿಯುವ ಮರವೇ ಇದು. ಇಲ್ಲಿಯವರು ಖೇಜಡಿ ಎನ್ನುತ್ತಾರೆ. ಫೆಬ್ರುವರಿಯ ಹೊತ್ತಿಗೆ ಬಹಳಷ್ಟು ಮರಗಳು ಬೋಳು. ಚಳಿಗಾಲದಲ್ಲಿ ಕೊಂಬೆ ಸವರಿ, ಸೊಪ್ಪನ್ನು ಒಣಗಿಸಿ, ಬೇಸಿಗೆಗೆಂದು ಕೂಡಿಡುತ್ತಾರೆ. ಮಳೆಯೆಂಬುದು ಇಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮಾತು. ಉಳಿದ ತಿಂಗಳುಗಳನ್ನು ಕುರಿಗಳು ಒಣಹುಲ್ಲು, ಸವರಿದ ಸೊಪ್ಪು, ಕುಯಿಲು ಮುಗಿದ ಹೊಲದ ಕೂಳೆಗಳ ಮೇಲೆ ಕಳೆಯಬೇಕು.

ಈ ನೆಲದಲ್ಲಿ 1962ರಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ಸುತ್ತ ಬೆಳೆದ ಊರೇ ಅವಿಕಾನಗರ. ಸಾವಿರ ಹೆಕ್ಟೇರಿಗೂ ಮಿಕ್ಕಿದ ಆವರಣ. ಅದರಲ್ಲಿ ಹುಲ್ಲುಗಾವಲು, ಕುರಿದೊಡ್ಡಿಗಳು, ಪ್ರಯೋಗಾಲಯಗಳು, ಒಂದು ಕಡೆ ಮೊಲಗಳ ಮನೆ. ಕುರಿ, ಮೊಲ ಎರಡೂ ಒಂದೇ ಕಡೆ ನೋಡಸಿಗುವುದರಿಂದಲೇ ಇಲ್ಲಿಗೆ ಬಂದೆ. ಒಂದು ಐದು ತಿಂಗಳು ಹೊತ್ತು ಈಯುವ ಪ್ರಾಣಿ, ಇನ್ನೊಂದು ಒಂದೇ ತಿಂಗಳಿಗೆ. ಎರಡಕ್ಕೂ ಸಂತಾನದ ಲೆಕ್ಕ ಮೇವಿನ ಲೆಕ್ಕದೊಳಗೇ ಅಡಗಿದೆ ಎಂಬುದು ಇಲ್ಲಿ ನಡೆದಾಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಮೊದಲು ಹೋದದ್ದು ಬಾಣಂತಿ ಕುರಿಗಳ ಕೊಟ್ಟಿಗೆಗೆ. ಬಾಗಿಲಲ್ಲಿ ಔಷಧಿ ನೀರಿನಲ್ಲಿ ಬೂಟು ಅದ್ದಿ ಒಳಗೆ ಕಾಲಿಡಬೇಕು. ರಾಜಸ್ಥಾನದ ಫೆಬ್ರುವರಿಯ ಬೆಳಗು ನಮ್ಮವರು ಎಣಿಸುವುದಕ್ಕಿಂತ ತಣ್ಣಗಿರುತ್ತದೆ. ಗಾಳಿ ಬರುವ ಬದಿಗೆ ಗೋಣಿ ಪರದೆ, ನೆಲಕ್ಕೆ ಒಣಹುಲ್ಲಿನ ಹಾಸು. ಬಿದಿರು ತಡಿಕೆಯಷ್ಟೆತ್ತರದ ಸಣ್ಣ ಸಣ್ಣ ಅಂಕಣಗಳು, ಒಂದೊಂದರಲ್ಲಿ ಒಬ್ಬಳು ತಾಯಿ, ಬಹುಪಾಲು ತಾಯಂದಿರ ಪಕ್ಕ ಎರಡು ಮರಿ. ಒಂದು ಅಂಕಣದಲ್ಲಿ ಮೂರು. ಕುರಿಹಟ್ಟಿಗಳಲ್ಲಿ ಓಡಾಡಿದವರಿಗೆ ಇದು ಹೊಸ ನೋಟ. ನಮ್ಮ ದಖ್ಖನಿಯಾಗಲಿ, ಬನ್ನೂರು ಕುರಿಯಾಗಲಿ ಸಾಮಾನ್ಯವಾಗಿ ಸೂಲಿಗೊಂದೇ ಮರಿ ಹಾಕುತ್ತವೆ. ಈ ಸೀಮೆಯ ಮಾಲ್ಪುರಾ ತಳಿಯೂ ಹಾಗೆಯೇ: ಉದ್ದ ಕಾಲು, ತಿಳಿಗಂದು ಮುಖ, ಪುಟ್ಟ ಕಿವಿ, ಒಂದು ಮರಿ.

ಇಲ್ಲಿ ಅವಳಿ ಹಾಕುತ್ತಿರುವುದು ಅವಿಶಾನ್. ಈ ಸಂಸ್ಥೆಯೇ ಕಟ್ಟಿದ ತಳಿ. ಅದರ ರಕ್ತದಲ್ಲಿ ಅರ್ಧ ಗುಜರಾತಿನ ಪಾಟಣವಾಡಿ, ನೂರಕ್ಕೆ 37.5 ಪಾಲು ಮಾಲ್ಪುರಾ, ಉಳಿದ 12.5 ಪಾಲು ಬಂಗಾಳದ ಗರೋಲ್. ಈ ಗರೋಲ್‌ನ ಕಥೆ ಹೇಳದೆ ಮುಂದೆ ಹೋಗಲಾಗದು. ಸುಂದರಬನದ ಜೌಗಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುವ ಕುಳ್ಳ ಕುರಿ ಅದು. ಬೆಳೆದ ಕುರಿಯೂ ಹತ್ತು ಹದಿನೈದು ಕೆ.ಜಿ. ಮೀರುವುದು ಅಪರೂಪ. ಆದರೆ ಎರಡು ಮೂರು ಮರಿ ಹಾಕುವುದು ಅದಕ್ಕೆ ಸಹಜ. 1792–93ರಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಬಂಗಾಳದ ಕುರಿಗಳ ಜೊತೆ ಈ ಗುಣವೂ ಹೋಯಿತೆಂದು ತಳಿ ವಿಜ್ಞಾನಿಗಳು ಹೇಳುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಕೂಮಾ ಬಳಿಯ ಬೂರೂಲಾ ಎಂಬ ಜಮೀನಿನ ಮೆರಿನೋ ಹಿಂಡಿನಲ್ಲಿ ಒಂದೂವರೆ ಶತಮಾನದ ಬಳಿಕ ಅದು ಎದ್ದು ಕಂಡಿತು. 2001ರಲ್ಲಿ ಅದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾಯಿತು. ಅದರ ಹೆಸರು ಫೆಕ್-ಬಿ. ಮರುವರ್ಷ ಗರೋಲ್‌ನ ರಕ್ತ ನೋಡಿದರೆ ಅದರಲ್ಲೂ ಅದೇ ವಂಶವಾಹಿ! ತಾಯಿ ತಂದೆಯರಲ್ಲಿ ಒಬ್ಬರಿಂದಷ್ಟೇ ಬಂದರೂ ಸಾಕು, ಸೂಲಿಗೆ ಸುಮಾರು ಒಂದು ಮರಿ ಹೆಚ್ಚು. ಈಗ ಮರಿಯ ಒಂದು ಹನಿ ರಕ್ತ ನೋಡಿ, ಅದು ಬೀಜದ ಟಗರಾಗಿ ಉಳಿಯಬೇಕೋ ಬೇಡವೋ ಎಂದು ಹೇಳಬಹುದು.

ಈ ಗುಣವನ್ನು ಮಾಲ್ಪುರಾಕ್ಕೆ ತಂದಾಗ ಅವಳಿ ಮರಿಗಳೇನೋ ಹುಟ್ಟಿದವು, ಗರೋಲ್‌ನ ಕುಳ್ಳತನವೂ ಜೊತೆಗೇ ಬಂತು. ತಾಯಿಯ ಹಾಲು ಎರಡು ಬಾಯಿಗೆ ಸಾಲಬೇಕಲ್ಲ? ಮತ್ತೆ ಮಾಲ್ಪುರಾಕ್ಕೆ ಕೂಡಿಸಿ, ಅಲ್ಲಿಂದ ಹಾಲಿಗೂ ಗಾತ್ರಕ್ಕೂ ಹೆಸರಾದ ಪಾಟಣವಾಡಿಗೆ ಕೂಡಿಸಿದರು. ನನಗೆ ಇಡೀ ಆವರಣದಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಈ ಮೂರನೆಯ ಹೆಜ್ಜೆ. ಅವಳಿ ಕೊಡುವ ವಂಶವಾಹಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲದೆ, ಹುಟ್ಟಿದ ಎರಡನೆಯ ಮರಿ ಏನು ಕುಡಿದು ಬದುಕಬೇಕು ಎಂದು ಕೇಳಿಕೊಂಡ ಹೆಜ್ಜೆ ಅದು.

ಕೊಟ್ಟಿಗೆಯ ಕೆಲಸದವರು ಒಂದೊಂದು ಮರಿಯನ್ನೂ ಎತ್ತಿ ಹೊಟ್ಟೆ ಮುಟ್ಟಿ ನೋಡುತ್ತಾರೆ. ತುಂಬಿದ್ದರೆ ಕೆಳಗೆ ಬಿಡುತ್ತಾರೆ. ಬತ್ತಿದ್ದರೆ ತಾಯಿಯನ್ನು ಮಂಡಿಯಿಂದ ಒತ್ತಿ ಹಿಡಿದು, ಮೊಲೆಯ ಮೊದಲ ಧಾರೆ ಹಿಂಡಿ ಚೆಲ್ಲಿ, ಮರಿಯ ಬಾಯಿ ಹಚ್ಚುತ್ತಾರೆ. ಗಿಣ್ಣುಹಾಲಿನ ವಿಷಯದಲ್ಲಿ ಇಲ್ಲಿ ಯಾರಿಗೂ ಸಡಿಲವಿಲ್ಲ. ಕುರಿಯ ಬಸಿರಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣಿನಿಂದ ಮಾತ್ರ, ಅದೂ ಮೊದಲ 24 ಗಂಟೆಯೊಳಗೆ. ಆಮೇಲೆ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಮರಿಯ ಮೈತೂಕದ ಹತ್ತರಲ್ಲೊಂದು ಪಾಲಿನಷ್ಟು ಗಿಣ್ಣು ಮೊದಲ ದಿನವೇ ಒಳಗೆ ಹೋಗಬೇಕು. ಅವಳಿಯಲ್ಲಿ ಗಟ್ಟಿ ಮರಿ ಎರಡೂ ಮೊಲೆಗೆ ಬಾಯಿ ಹಾಕಿ, ಸಣ್ಣದು ಮೂಲೆ ಸೇರುತ್ತದೆ. ಕಣ್ಣಿಡಬೇಕಾದದ್ದು ಆ ಸಣ್ಣದರ ಮೇಲೆ.

ಅಲ್ಲಿಂದ ಹೊರಬಂದು ಮೇವಿನ ಅಂಗಳಕ್ಕೆ ನಡೆದೆವು. ಅಂಜನ್ ಹುಲ್ಲಿನ ಬಣವೆ, ಒಣ ಖೇಜಡಿ ಸೊಪ್ಪಿನ ರಾಶಿ, ಅರ್ಡು ಮರದ ಸೊಪ್ಪು. ಒಂದು ಪಕ್ಕದಲ್ಲಿ ಮುಳ್ಳಿಲ್ಲದ ಪಾಪಾಸುಕಳ್ಳಿಯ ಸಾಲು. ಕತ್ತರಿಸಿ ಒಣಮೇವಿನ ಜೊತೆ ಕೊಟ್ಟರೆ ಕುರಿಗೆ ಆಹಾರವೂ ಆಯಿತು, ನೀರಿನ ಒಂದು ಪಾಲೂ ಆಯಿತು. ಅದೊಂದೇ ಕೊಟ್ಟರೆ ಸಗಣಿ ತೆಳ್ಳಗಾಗುತ್ತದೆ.

ಈ ಅಂಗಳದ ಲೆಕ್ಕ ಕುರಿಯ ವರ್ಷದ ಮೂರು ಘಟ್ಟಗಳನ್ನು ಹಿಡಿದು ನಡೆಯುತ್ತದೆ. ಟಗರು ಬಿಡುವ ಎರಡು ಮೂರು ವಾರ ಮೊದಲು ತಾಯಿ ಕುರಿಗೆ ದಿನಕ್ಕೆ 200ರಿಂದ 300 ಗ್ರಾಂ ಕಾಳು, ಹಿಂಡಿ, ಬೂಸಾ ಸೇರಿದ ದಾಣಿ. ಮೈ ಏರುಮುಖದಲ್ಲಿದ್ದಾಗ ಅಂಡ ಹೆಚ್ಚು ಬಿಡುಗಡೆಯಾಗುತ್ತದೆ, ಬೆದೆಯೂ ಸರಿಯಾಗಿ ಕಾಣುತ್ತದೆ. ಸೊರಗಿದ ಕುರಿಯಲ್ಲಿ ಇದರ ಫಲ ಎದ್ದು ಕಾಣುತ್ತದೆ; ಮೊದಲೇ ದಷ್ಟಪುಷ್ಟವಾಗಿರುವುದಕ್ಕೆ ಸುರಿದರೆ ದಂಡ. ಬೆನ್ನೆಲುಬಿನ ಮೇಲೆ ಬೆರಳಾಡಿಸಿ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯಿದೆ. ಮಾಲ್ಪುರಾ ಕುರಿಗಳ ಮೇಲೆ ಇಲ್ಲಿ ನಡೆದ ಅಧ್ಯಯನಗಳಲ್ಲಿ ಮೂರು, ಮೂರೂವರೆಯ ಆಸುಪಾಸಿನವು ಚೆನ್ನಾಗಿ ಗಬ್ಬ ನಿಂತವು; ಬಡಕಲಾದವೂ ಕೊಬ್ಬಿದವೂ ಹಿಂದೆ ಬಿದ್ದವು.

ಎರಡನೆಯ ಘಟ್ಟ ಗಬ್ಬದ ಕೊನೆಯ ಆರು ವಾರ. ನಮ್ಮಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ, ಅದಕ್ಕಾಗಿ ಇದರ ಬಗ್ಗೆ ತುಸು ನಿಂತು ಹೇಳುತ್ತೇನೆ. ಕುರಿ ಗಬ್ಬ ಹೊರುವುದು ಸುಮಾರು 147ರಿಂದ 150 ದಿನ. ಮರಿಯ ತೂಕದ ಮುಕ್ಕಾಲು ಪಾಲಿನಷ್ಟು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಆ ಹೊತ್ತಿಗೆ ಎರಡು ಮರಿಗಳು ಒಳಗಿನ ಜಾಗವನ್ನೆಲ್ಲ ಆಕ್ರಮಿಸಿ ತಾಯಿಯ ಮೇವಿನ ಚೀಲವನ್ನೇ ಒತ್ತುತ್ತವೆ. ಬೇಡಿಕೆ ಏರಿದಾಗಲೇ ತಿನ್ನುವ ಶಕ್ತಿ ಇಳಿಯುತ್ತದೆ. ಬರೀ ಒಣಹುಲ್ಲಿನಿಂದ ಇದು ತೂಗದು. ಕಡಿಮೆ ಗಾತ್ರದಲ್ಲಿ ಹೆಚ್ಚು ಸತ್ವ ಕೊಡುವ ದಾಣಿ ಬೇಕೇ ಬೇಕು. ಕೊಡದಿದ್ದರೆ ತಾಯಿ ತನ್ನ ಮೈಕೊಬ್ಬು ಕರಗಿಸಿ ಮರಿಗಳನ್ನು ಸಾಕುತ್ತದೆ. ಕೊಬ್ಬು ವಿಪರೀತ ಕರಗಿದಾಗ ರಕ್ತದಲ್ಲಿ ಕೀಟೋನ್ ಎಂಬ ವಸ್ತುಗಳು ಏರಿ, ಕುರಿ ಹಿಂಡಿನಿಂದ ದೂರ ನಿಲ್ಲುತ್ತದೆ, ಮೇವು ಬಿಡುತ್ತದೆ, ಕಣ್ಣು ಕಾಣದಂತೆ ತಡವರಿಸಿ ನೆಲ ಹಿಡಿಯುತ್ತದೆ. ಅವಳಿ ಹೊತ್ತ ಕುರಿಗೇ ಇದು ಹೆಚ್ಚು. ತಾಯಿಯೂ ಎರಡು ಮರಿಗಳೂ ಒಂದೇ ಪೆಟ್ಟಿಗೆ ಹೋಗುವ ರೋಗ.

ಮೂರನೆಯದು ಹಾಲೂಡುವ ಕಾಲ. ತಾಯಿಗೆ ದಾಣಿ ಮುಂದುವರಿಯುತ್ತದೆ, ಎರಡು ಮೂರು ವಾರದ ಮರಿಗಳಿಗೆ ಬೇರೆಯದೇ ತೊಟ್ಟಿ. ಮರಿ ಮಾತ್ರ ನುಸುಳುವಷ್ಟು ಕಿಂಡಿಯ ಗೇಟು, ತಾಯಿಗೆ ತಲೆಯೂ ತೂರದು. ಕಾಳಿನ ನುಚ್ಚು ತಿಂದಷ್ಟೂ ಮರಿಯ ಮೇವಿನ ಚೀಲ ಬೇಗ ಬಲಿಯುತ್ತದೆ, ತಾಯಿಯ ಹಾಲಿನ ಮೇಲಿನ ಹೊರೆ ಇಳಿಯುತ್ತದೆ.

ಬೆದೆ ಹಿಡಿಯುವ ಪದ್ಧತಿಯನ್ನೂ ಕೇಳಿ ತಿಳಿದೆ. ಕೂಡಲಾಗದಂತೆ ಹೊಟ್ಟೆಗೆ ಬಟ್ಟೆ ಕಟ್ಟಿದ ಟಗರನ್ನು ಬೆಳಿಗ್ಗೆ ಹಿಂಡಿನೊಳಗೆ ಬಿಟ್ಟು, ಯಾವ ಕುರಿ ನಿಂತುಕೊಡುತ್ತದೆಂದು ಗುರುತು ಮಾಡಿಕೊಳ್ಳುತ್ತಾರೆ. ಹಿಂಡಿಗೆ ಹಿಂಡೇ ಒಂದೇ ವಾರದಲ್ಲಿ ಬೆದೆಗೆ ಬರಲೆಂದು ಹಾರ್ಮೋನಿನಲ್ಲಿ ಅದ್ದಿದ ಸ್ಪಂಜನ್ನು ಹೆಣ್ಣು ಕುರಿಯ ಯೋನಿಯೊಳಗಿಟ್ಟು, ದಿನ ತುಂಬಿದ ಮೇಲೆ ತೆಗೆಯುತ್ತಾರೆ. ಇಲ್ಲೇ ತಯಾರಿಸಿದ ಅಂಥ ಸ್ಪಂಜಿಗೆ ಅವಿಕೆಸಿಲ್-ಎಸ್ ಎಂದು ಹೆಸರು. ಈಯುವುದೆಲ್ಲ ಒಟ್ಟಿಗೆ ಆದರೆ ಗಬ್ಬದ ಕುರಿಗಳಿಗೆ ದಾಣಿ ಹಾಕುವುದೂ ರಾತ್ರಿ ಕಾಯುವುದೂ ಹಗುರ.

ಬೇಸಿಗೆಯ ಮಾತು ಬಂದಾಗ ಇಲ್ಲಿಯ ಒಂದು ಹಳೆಯ ಪ್ರಯೋಗ ನೆನಪಾಯಿತು. ವೀರಸಾಮಿ ಸೆಜಿಯನ್ ಮತ್ತು ಜೊತೆಗಾರರು ಮಾಲ್ಪುರಾ ಕುರಿಗಳ ಒಂದು ಗುಂಪಿಗೆ ಬಿಸಿ, ಇನ್ನೊಂದಕ್ಕೆ ಅರೆಹೊಟ್ಟೆ, ಮತ್ತೊಂದಕ್ಕೆ ಎರಡನ್ನೂ ಕೊಟ್ಟು ನೋಡಿದರು. ಒಂದೇ ಕಷ್ಟವಾದರೆ ಕುರಿ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಎರಡೂ ಕೂಡಿದಾಗ ಮೈತೂಕವೂ ಸಂತಾನದ ಹಾರ್ಮೋನುಗಳೂ ಒಟ್ಟಿಗೆ ಏರುಪೇರಾಗುತ್ತವೆ. ಸೆಜಿಯನ್ ಮುಂದೆ ಬೆಂಗಳೂರು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಗೆ ಬಂದು ಅದೇ ದಾರಿಯ ಸಂಶೋಧನೆ ಮುಂದುವರಿಸಿದರು. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕುರಿ ಕಾಯುವವರಿಗೆ ಈ ಕೆಲಸ ದೂರದ್ದಲ್ಲ.

ಮೊಲದ ಮನೆಯಲ್ಲಿ ಸದ್ದು ಇಲ್ಲ. ತಂತಿ ಬಲೆಯ ಗೂಡುಗಳ ಸಾಲಿನಲ್ಲಿ ಬೂದುಬಣ್ಣದ ಸೋವಿಯತ್ ಚಿಂಚಿಲ್ಲಾ, ಬಿಳಿಯ ವೈಟ್ ಜೈಂಟ್, ನ್ಯೂಜಿಲೆಂಡ್ ವೈಟ್. ಗೂಡಿನ ಬಾಗಿಲಿಗೆ ನೇತುಹಾಕಿದ ಚೀಟಿಯಲ್ಲಿ ಕೂಡಿಸಿದ ದಿನ, ಹೊಟ್ಟೆ ಮುಟ್ಟಿ ನೋಡಿದ ದಿನ, ಈಯಬೇಕಾದ ದಿನ. ಕುರಿಯಂತೆ ಇದಕ್ಕೆ 17 ದಿನಕ್ಕೊಮ್ಮೆ ಸುತ್ತುವ ಬೆದೆಯಿಲ್ಲ. ಗಂಡಿನೊಡನೆ ಕೂಡಿದ ಮೇಲೆ, ಸುಮಾರು ಹತ್ತು ಗಂಟೆಗಳ ಬಳಿಕ, ಅಂಡ ಬಿಡುಗಡೆಯಾಗುತ್ತದೆ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು; ತನ್ನ ಗೂಡಿಗೆ ಬಂದ ಗಂಡನ್ನು ಅದು ಕಚ್ಚಿ ಅಟ್ಟುತ್ತದೆ. ಹನ್ನೆರಡು ಹದಿನಾಲ್ಕನೆಯ ದಿನ ಹೊಟ್ಟೆಯ ಕೆಳಗೆ ಬೆರಳಾಡಿಸಿದರೆ ಗೋಲಿಯಂಥ ಗಂಟುಗಳು ಸಿಗುತ್ತವೆ. 31 ದಿನಕ್ಕೆ ಈಯುತ್ತದೆ, ಆರೆಂಟು ಮರಿ.

ಮರಿ ಹಾಕಲು ನಾಲ್ಕೈದು ದಿನವಿರುವಾಗ ಒಳಗೊಂದು ಪೆಟ್ಟಿಗೆ ಇಡುತ್ತಾರೆ. ತಾಯಿ ತನ್ನ ಹೊಟ್ಟೆಯ ರೋಮ ಕಿತ್ತು ಅದರಲ್ಲಿ ಹಾಸಿಗೆ ಮಾಡುತ್ತದೆ. ನನಗೆ ತೋರಿಸಿದ ಪೆಟ್ಟಿಗೆಯಲ್ಲಿ ರೋಮ ಸರಿಸಿದರೆ ಕಣ್ಣು ತೆರೆಯದ, ಕೂದಲಿಲ್ಲದ ಗುಲಾಬಿ ಮರಿಗಳು ಒತ್ತೊತ್ತಾಗಿ ಮಲಗಿದ್ದವು. ತಾಯಿ ದಿನಕ್ಕೆ ಒಮ್ಮೆ, ಮೂರು ನಾಲ್ಕು ನಿಮಿಷವಷ್ಟೇ ಹಾಲೂಡುತ್ತದೆ. ಹಾಗಾದರೆ ಸಾಲುವುದೇ? ಸಾಲುತ್ತದೆ. ಆ ಹಾಲು ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಗಟ್ಟಿ. ನೂರರಲ್ಲಿ ಹತ್ತಕ್ಕೂ ಮಿಕ್ಕು ಸಸಾರಜನಕ, ಅಷ್ಟೇ ಕೊಬ್ಬು. ಅಷ್ಟು ಗಟ್ಟಿ ಹಾಲು ಕೊಡುವ ತಾಯಿಗೆ ಸಾಧಾರಣ ದಿನಗಳ 120–150 ಗ್ರಾಂ ಉಂಡೆ ಮೇವು ಸಾಲದು. ಹಾಲೂಡುವಾಗ ಅದರ ತೊಟ್ಟಿ ಖಾಲಿಯಾಗಬಾರದು.

ಹಾಗೆಂದು ಬರೀ ಕಾಳು ಸುರಿಯುವುದೂ ತಪ್ಪು. ಮೊಲದ ಕರುಳಿಗೆ ನಾರು ಬೇಕು. ಹಾಲು ಬಿಡಿಸಿದ ಮರಿಗೆ ನಾರಿಲ್ಲದ ಹಿಟ್ಟು ತಿನ್ನಿಸಿದರೆ ಭೇದಿ ಹತ್ತಿ ರಾತ್ರೋರಾತ್ರಿ ಸಾಯುತ್ತದೆ. ಆದ್ದರಿಂದಲೇ ಉಂಡೆ ಮೇವಿನ ಜೊತೆ ಕುದುರೆಮಸಾಲೆ ಸೊಪ್ಪು, ಒಣಹುಲ್ಲು. ಅದು ತನ್ನದೇ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ವಿಟಮಿನ್ನು, ಸಸಾರಜನಕಗಳನ್ನು ಅದು ಹಾಗೆ ಮರಳಿ ಪಡೆಯುತ್ತದೆ.

ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 45 ಡಿಗ್ರಿ ಮುಟ್ಟುತ್ತದೆ, ಮೊಲಕ್ಕೋ 30 ದಾಟಿದರೇ ತ್ರಾಸ. ಗಂಡಿನ ವೀರ್ಯ ಕೆಡುತ್ತದೆ, ಹೊಸ ವೀರ್ಯಾಣು ತಯಾರಾಗಲು ಒಂದೂವರೆ ತಿಂಗಳಿಗೂ ಹೆಚ್ಚು ಬೇಕು. ಮಳೆ ಬಂದು ತಂಪಾದರೂ ಗಬ್ಬ ತಡವಾಗುವುದು ಇದರಿಂದ. ಈ ಸಂಸ್ಥೆಯದೇ ಇನ್ನೊಂದು ಕೇಂದ್ರ ಕೊಡೈಕನಾಲ್ ಬೆಟ್ಟದ ಮನ್ನವನೂರಿನಲ್ಲಿದೆ, ಅಲ್ಲಿಯೂ ಕುರಿ, ಮೊಲ ಎರಡೂ ಇವೆ. ಮೊಲಕ್ಕೆ ಒಪ್ಪುವ ಹವೆ ಅದು. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನವರು ಮೊಲ ಕಟ್ಟಿದರೆ ಅರ್ಥವಿದೆ. ತಗಡಿನ ಮಾಡಿನ ಕೆಳಗೆ ಕಲಬುರಗಿಯಲ್ಲಿ ಕಟ್ಟುವವರನ್ನು ನಾನು ತಡೆಯುತ್ತೇನೆ.

ಕುರಿಯ ವಿಷಯದಲ್ಲೂ ನನ್ನ ಮಾತು ಇಷ್ಟೇ ನೇರ. ಗರೋಲ್‌ನ ಅದೇ ವಂಶವಾಹಿಯನ್ನು ಮಹಾರಾಷ್ಟ್ರದ ಫಲಟಣದ ನಿಂಬ್ಕರ್ ಸಂಸ್ಥೆ ದಖ್ಖನಿಗೆ ತಂದು ನಾರಿ ಸುವರ್ಣ ತಳಿ ಮಾಡಿತು; ಕರ್ನಾಟಕದಲ್ಲೂ ಅದನ್ನು ಕಟ್ಟಿದವರಿದ್ದಾರೆ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇವು ಬೆಳೆದು, ದಾಣಿ ತೂಗಿ ಹಾಕುವವರಿಗೆ ಅದು ಭಾಗ್ಯ. ಬೆಳಗಾವಿಯಿಂದ ಹೊರಟು ಹೊಲದಿಂದ ಹೊಲಕ್ಕೆ ಹಿಂಡು ನಡೆಸುವ ಕುರುಬರ ಮನೆಗೆ ಇದೇ ಕುರಿ ಹೊರೆ. ಎಳೆ ಮರಿಗಳನ್ನು ಕುದುರೆಯ ಮೇಲೆ ಹೇರಿಕೊಂಡು ಹೋಗುವ ಅವರಿಗೆ ಒಂದು ತಾಯಿಗೆ ಒಂದು ಗಟ್ಟಿ ಮರಿಯೇ ಲೇಸು.

ಅವಳಿ ಬೇಕೆನ್ನುವವರು ಟಗರು ಬಿಡುವ ದಿನವನ್ನು ಮೇವಿನಿಂದ ಹಿಂದಕ್ಕೆ ಎಣಿಸಬೇಕು. ಮುಂಗಾರಿನ ಹಸಿರು ಎದ್ದ ಜೂನ್ ಕೊನೆಯಲ್ಲಿ ಟಗರು ಬಿಟ್ಟರೆ 150 ದಿನಕ್ಕೆ ನವೆಂಬರ್ ಕೊನೆಯಲ್ಲಿ ಈಯುತ್ತದೆ. ಕೊನೆಯ ಆರು ವಾರ ಅಕ್ಟೋಬರ್ ನಡುವಿನಿಂದ ಬರುತ್ತದೆ; ಆಗ ಶೇಂಗಾ ಕಿತ್ತು ಹೊಟ್ಟು ಮನೆಗೆ ಬರುವ ಹೊತ್ತು, ಹಾಲೂಡುವ ಡಿಸೆಂಬರ್, ಜನವರಿಗೆ ತೊಗರಿ ಹೊಟ್ಟೂ ಸೇರುತ್ತದೆ. ಅಕ್ಟೋಬರಿನಲ್ಲಿ ಟಗರು ಬಿಟ್ಟವರ ಕುರಿ ಈಯುವುದು ಮಾರ್ಚಿನಲ್ಲಿ, ಬಯಲು ಒಣಗಿ ಬಿಸಿಲೇರುವಾಗ. ಅಂಥವರು ಕರಿಜಾಲಿ ಕಾಯಿಯನ್ನೂ ಬನ್ನಿ ಸೊಪ್ಪನ್ನೂ ಮೊದಲೇ ಕೂಡಿಟ್ಟುಕೊಳ್ಳಬೇಕು, ಇಲ್ಲವೇ ಟಗರಿನ ಹೊಟ್ಟೆಗೆ ಬಟ್ಟೆ ಕಟ್ಟಿಯೇ ಇಡಬೇಕು.